ಹದಿನೈದು ವಾಟ್ ಸಾಲದೆ?

ಅಂಗಡಿಗೆ ಹೋದರೆ ‘ಇದು ನೂರು ವಾಟ್, ಅದು ಇನ್ನೂರು ವಾಟ್’ ಎಂದು ಆಸೆ ಹುಟ್ಟಿಸುತ್ತಾರೆ. ಇಂಗ್ಲೆಂಡಿನ ಪೀಟರ್ ವಾಕರ್ ಅವರ ಕಂಪನಿ 1953ರಲ್ಲಿ ಹೊರತಂದ ‘ಕ್ವಾಡ್ 2’ ಆಂಪ್ಲಿಫೈಯರಿನ ಶಕ್ತಿ ಬರೀ 15 ವಾಟ್. ಸ್ಟೀರಿಯೊಗೆ ಅಂಥವು ಎರಡು ಬೇಕು. ಒಳಗೆ ಟ್ರಾನ್ಸಿಸ್ಟರ್ ಇಲ್ಲ. ಕಾದು ಹೊಳೆಯುವ ಗಾಜಿನ ವಾಲ್ವ್‌ಗಳದೇ ಕೆಲಸ.

ಸುಸ್ಥಿತಿಯಲ್ಲಿರುವ ಜೋಡಿಯಲ್ಲಿ ವೀಣೆ ಕೇಳಿ ನೋಡಿ. ಮೀಟು ಸ್ಪಷ್ಟ, ಆದರೂ ಕಿವಿಗೆ ಚುಚ್ಚದು. ಗಾಯಕರ ಉಸಿರೂ ಕೇಳುತ್ತದೆ. ಮೃದಂಗದ ಎಡಗೈ ನಾದ ಮಾತ್ರ ಇಂದಿನ ಯಂತ್ರಗಳಷ್ಟು ಬಿಗಿಯಿಲ್ಲ, ಕೊಂಚ ಮೆತ್ತಗೆ.

ಇಷ್ಟು ಶಕ್ತಿ ಸಾಲುವುದು ಹೇಗೆ? ಗುಟ್ಟು ನಮ್ಮ ಕಿವಿಯಲ್ಲಿದೆ. ವಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಸದ್ದು ಎರಡರಷ್ಟಾಯಿತು ಎನ್ನಿಸಲು ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಸ್ಪೀಕರ್ ತೀರಾ ಮಂದವಲ್ಲದಿದ್ದರೆ, ಮನೆಯ ಕೋಣೆಯಲ್ಲಿ ಹಿತವಾಗಿ ಕೇಳಲು ಒಂದೆರಡು ವಾಟ್ ಧಾರಾಳ. ಉಳಿದದ್ದು ತನಿಯಾವರ್ತನದ ಜೋರು ಪೆಟ್ಟುಗಳಿಗೆ ಮೀಸಲು.

ಹಳೆಯದನ್ನು ಕೊಳ್ಳುವವರಿಗೆ ಒಂದು ಕಿವಿಮಾತು. ಮುದಿ ಕೆಪಾಸಿಟರುಗಳು ಕೆಟ್ಟರೆ ಗುಂಯ್‌ಗುಡುವ ಸದ್ದು ಬರುತ್ತದೆ, ಬೆಲೆಬಾಳುವ ವಾಲ್ವ್‌ಗಳೂ ಸುಟ್ಟುಹೋಗುತ್ತವೆ. ಒಳಗಿನ 300ಕ್ಕೂ ಹೆಚ್ಚು ವೋಲ್ಟ್ ಸ್ವಿಚ್ ಆರಿಸಿದ ಮೇಲೂ ಉಳಿದಿರಬಹುದು. ಬಿಚ್ಚುವ ಕೆಲಸ ಬಲ್ಲವರಿಗೇ ಬಿಡಿ. ಸಂಗೀತ ಕಾಯುತ್ತದೆ, ಕರೆಂಟು ಕಾಯುವುದಿಲ್ಲ.