ಮೈಕ್ ಹಿಡಿದವರ ಗಂಟಲಿಗೂ ಬೆಲೆ ಇರಲಿ

ದಸರಾ ಬಂತೆಂದರೆ ಮೈಸೂರು ಅರಮನೆ ಅಂಗಳದಲ್ಲಿ ಶನಿವಾರ, ಭಾನುವಾರ ಜನವೋ ಜನ. ವಾದ್ಯದವರು ಶ್ರುತಿ ಕೂಡಿಸುವಾಗ, ಅತಿಥಿಗಳು ತಡ ಮಾಡಿದಾಗ, ಹನಿ ಮಳೆ ಬಿದ್ದಾಗ ಸಭೆಯನ್ನು ಹಿಡಿದಿಡುವವರು ಯಾರು ಸ್ವಾಮಿ? ಎಷ್ಟೋ ಸಲ ರೇಡಿಯೋ ಉದ್ಘೋಷಕರೇ! ರಾತ್ರಿ ವೇದಿಕೆ, ಬೆಳಗಾದರೆ ಸ್ಟುಡಿಯೋ. ನಡುವೆ ನಿದ್ದೆ ಎಲ್ಲಿಂದ ಬರಬೇಕು?

1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಮನೆಯಲ್ಲೇ ಬಾನುಲಿ ಆರಂಭಿಸಿದ ಊರಿದು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿಟ್ಟ ಊರೂ ಹೌದು. ಇಂಥ ಊರಲ್ಲಿ ದನಿ ಕೇಳಿದವರು ಸಾವಿರ, ಹೆಸರು ಬಲ್ಲವರೆಷ್ಟು?

ಉದ್ಘೋಷಕರಲ್ಲಿ ಅನೇಕರು ಹಂಗಾಮಿಗಳು. ಕೆಲಸ ಸಿಕ್ಕ ದಿನಕ್ಕಷ್ಟೇ ಸಂಭಾವನೆ. ಗಂಟಲು ಕಟ್ಟಿತೋ, ಆ ದಿನದ ಕಾಸಿಗೂ ಕತ್ತರಿ. ಗಾಯಕರಿಗೆ ಶಾಲು ಹೊದಿಸಲಿ, ಬೇಡ ಅಂದೋರ್‍ಯಾರು? ಆಹ್ವಾನಪತ್ರಿಕೆಯಲ್ಲಿ ನಿರೂಪಕರದೂ ಒಂದು ಹೆಸರಿರಲಿ. ದುಡ್ಡು ಹಬ್ಬ ಮುಗಿಯುವ ಮುನ್ನವೇ ಕೈಸೇರಲಿ. ಬರೀ ಚಪ್ಪಾಳೆಗೆ ಹೊಟ್ಟೆ ತುಂಬೀತೆ?