ತಳಪಾಯದ ತಂತ್ರಾಂಶಕ್ಕೆ ಎರವಲು ಕೋಡ್: ಹೊಣೆ ಯಾರದು?

ದಾವಣಗೆರೆ: ಸಾರ್ವಜನಿಕ ಸೇವೆಗಳಿಗೆ ತಳಪಾಯವಾದ ತಂತ್ರಾಂಶವು ಅನ್ಯರು ಬರೆದ ಕೋಡ್ ಅನ್ನು ಎಷ್ಟರಮಟ್ಟಿಗೆ ಅವಲಂಬಿಸಬಹುದು? ಮೇಲ್ನೋಟಕ್ಕೆ ಇದು ತಂತ್ರಜ್ಞರ ಚರ್ಚೆ. ಆದರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳಲ್ಲಿ ಬೆಳೆಸಾಲಕ್ಕಾಗಿ ಪಹಣಿ ಪಡೆಯುವ ರೈತರಿಗೂ ಇದು ಸಂಬಂಧಿಸಿದ ವಿಷಯವೇ.

'ಭೂಮಿ' ಯೋಜನೆಯಡಿ 2002ರ ವೇಳೆಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕರಣಗೊಂಡು, ಕೈಬರಹದ ಪಹಣಿಗೆ ಮಾನ್ಯತೆ ತಪ್ಪಿತು. ತಂತ್ರಾಂಶ ಬರೆದದ್ದು ಸರ್ಕಾರದ್ದೇ ಆದ ರಾಷ್ಟ್ರೀಯ ಮಾಹಿತಿ ಕೇಂದ್ರ. ಆದರೆ ಅದು ನಿಂತದ್ದು ಖಾಸಗಿ ಕಂಪನಿಯಾದ ಮೈಕ್ರೋಸಾಫ್ಟ್‌ನ ವಿಂಡೋಸ್ ಮೇಲೆ.

ಕನ್ನಡಿಗರಿಗೆ ಅವಲಂಬನೆಯ ಕಷ್ಟ ಹೊಸದಲ್ಲ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯ ಹಳೆಯ ಸಂಕೇತ ವಿಧಾನದಲ್ಲಿ ಸಿದ್ಧವಾದ ಕಡತಗಳು, ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅರ್ಥಹೀನ ರೋಮನ್ ಚಿಹ್ನೆಗಳಾಗಿ ಕಾಣುತ್ತವೆ. ಯೂನಿಕೋಡ್ ಬಳಕೆಯಿಂದಲೇ ಈ ತೊಡಕು ನೀಗಿದ್ದು.

ಪ್ರೋಗ್ರಾಮಿಂಗ್ ಭಾಷೆಗಳೂ ಇದೇ ಪ್ರಶ್ನೆಯನ್ನು ಎದುರಿಸುತ್ತಿವೆ. ಭಾಷೆಯ ಜೊತೆಗೇ ದೊರೆಯುವ ಸಿದ್ಧ ಕೋಡ್‌ನ ಭಂಡಾರವೇ ಸ್ಟ್ಯಾಂಡರ್ಡ್ ಲೈಬ್ರರಿ. ಪೈಥಾನ್‌ನ ಲೈಬ್ರರಿ ಗೂಢಲಿಪಿಗೆ ಹೊರಗಿನ ಓಪನ್‌ಎಸ್‌ಎಸ್‌ಎಲ್ ಅನ್ನು ನೆಚ್ಚಿಕೊಂಡಿದೆ. ರಸ್ಟ್ ಭಾಷೆಯು 2019ರಿಂದ 'ಹ್ಯಾಶ್‌ಬ್ರೌನ್' ಎಂಬ ಪ್ರತ್ಯೇಕ ಕೋಡ್ ಬಳಸುತ್ತಿದೆ. ಗೋ ಭಾಷೆ ಮಾತ್ರ ಗೂಢಲಿಪಿಯನ್ನೂ ಬಹುಪಾಲು ತಾನೇ ಬರೆದುಕೊಂಡಿದೆ.

ಎರವಲಿನ ಅಪಾಯ ಕಾಲ್ಪನಿಕವಲ್ಲ. 2021ರ ಡಿಸೆಂಬರ್‌ನಲ್ಲಿ 'ಲಾಗ್4ಜೆ' ಎಂಬ ಸಣ್ಣ ಜಾವಾ ಘಟಕದ ದೋಷ ಜಗತ್ತಿನಾದ್ಯಂತ ಸರ್ವರ್‌ಗಳನ್ನು ಅಪಾಯಕ್ಕೆ ಒಡ್ಡಿತು. 2024ರ ಮಾರ್ಚ್‌ನಲ್ಲಿ 'ಎಕ್ಸ್‌ಜೆಡ್' ಎಂಬ ಸಂಕುಚನ ತಂತ್ರಾಂಶದೊಳಗೆ ಉದ್ದೇಶಪೂರ್ವಕವಾಗಿ ಇರಿಸಿದ್ದ ಕಳ್ಳದಾರಿ ಪತ್ತೆಯಾಯಿತು. ಅದನ್ನು ಇರಿಸಿದ್ದು ಎರಡು ವರ್ಷಗಳಿಗೂ ಹೆಚ್ಚು ಕಾಲ ಕೆಲಸ ಮಾಡಿ ವಿಶ್ವಾಸ ಗಳಿಸಿದ್ದ ಸಹಾಯಕನೇ.

ಹಾಗೆಂದು ಎಲ್ಲವನ್ನೂ ಸ್ವತಃ ಬರೆಯುವುದು ಪರಿಹಾರವಲ್ಲ. ಗೂಢಲಿಪಿಯಂತಹ ಸೂಕ್ಷ್ಮ ವಿಷಯದಲ್ಲಿ ಅರೆಬರೆ ತಜ್ಞರ ಹೊಸ ಕೋಡ್‌ಗಿಂತ, ಹಲವರ ಪರೀಕ್ಷೆಗೆ ಒಳಗಾದ ಹಳೆಯ ಕೋಡ್ ಮೇಲು. ಎರವಲು ತಂದದ್ದರ ಹೊಣೆ ಯಾರದೆಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಹೊರಗಿನ ಕೋಡ್‌ನ ಪ್ರತಿ ತಮ್ಮಲ್ಲೇ ಇರಬೇಕು, ಅದರ ಆವೃತ್ತಿ ನಿಗದಿಯಾಗಿರಬೇಕು, ಪ್ರತಿ ಬದಲಾವಣೆಯನ್ನೂ ಪರಿಶೀಲಿಸುವ ಸಿಬ್ಬಂದಿ ಇರಬೇಕು, ಅಗತ್ಯಬಿದ್ದರೆ ಬೇರೆಯದಕ್ಕೆ ಬದಲಾಯಿಸುವ ದಾರಿ ತೆರೆದಿರಬೇಕು. ಈ ನಾಲ್ಕು ಷರತ್ತು ಪೂರೈಸಲಾಗದ ಸಂಸ್ಥೆಗೆ ಎರವಲು ಉಳಿತಾಯವಲ್ಲ, ಮುಂದೂಡಿದ ಸಾಲ. ಭೂದಾಖಲೆಗಳ ವಿಷಯದಲ್ಲಿ ಆ ಸಾಲ ತೀರಿಸಬೇಕಾದವರು ತಂತ್ರಜ್ಞರಲ್ಲ, ನಾಗರಿಕರು.