ಬರಿಯ ನಾಯಿ

ನಮ್ಮ ಸಂಘದ ಸ್ಮರಣ ಸಂಚಿಕೆಗೆ ಕೆಲವು ವರ್ಷಗಳಿಂದ ನಾನು ಬರೆಯುತ್ತ ಬಂದಿರುವುದು ಠೇವಣಿ, ವಿಮೆ, ನಾಮನಿರ್ದೇಶನ ಮುಂತಾದ ವ್ಯವಹಾರದ ವಿಷಯಗಳನ್ನು. ಈ ಸಲವೂ ಸಂಪಾದಕ ಮಿತ್ರರು ನಿವೃತ್ತರ ಉಳಿತಾಯವನ್ನು ಕುರಿತು ಎರಡು ಪುಟಗಳ ಲೇಖನ ಕೇಳಿದ್ದರು. ಬರೆಯಲು ಕುಳಿತೆ, ಲೇಖನಿ ಮುಂದೆ ಸಾಗಲಿಲ್ಲ. ಆರೋಗ್ಯ ವಿಭಾಗದಲ್ಲಿ ನಮ್ಮ ವೈದ್ಯ ಬಂಧುಗಳು ರಕ್ತದೊತ್ತಡ, ಮಧುಮೇಹಗಳನ್ನು ಕುರಿತು ಅಧಿಕಾರವಾಣಿಯಿಂದ ಬರೆಯುತ್ತಾರೆ. ಅವರ ನಡುವೆ ವಾಣಿಜ್ಯಶಾಸ್ತ್ರ ಓದಿದ ಬ್ಯಾಂಕ್ ಅಧಿಕಾರಿಯೊಬ್ಬ ತನ್ನ ಮನೆಯ ನಾಯಿಯ ಸಾವನ್ನು ಕುರಿತು ಬರೆಯುವುದು ವಿಚಿತ್ರವೆನಿಸಬಹುದು. ಆದರೆ ಅಳದೆ ಉಳಿದ ದುಃಖ ಮನುಷ್ಯನ ನಿದ್ದೆ, ಹಸಿವುಗಳನ್ನು ಏನು ಮಾಡುತ್ತದೆಂಬುದನ್ನು ನಾನು ಮೂರು ವರ್ಷ ಅನುಭವಿಸಿದ್ದೇನೆ. ಆ ಕಾರಣಕ್ಕಾದರೂ ವಾಚಕರು ಮನ್ನಿಸಬೇಕು.

2010ರಲ್ಲಿ ವರ್ಗವಾಗಿ ಪುಣೆಗೆ ಬಂದೆವು. ಮರುವರ್ಷ ಜುಲೈ ತಿಂಗಳ ಮಳೆಯಲ್ಲಿ, ಕೋಥರೂಡಿನ ನಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಕಪ್ಪು ಮರಿ ನಡುಗುತ್ತ ಕುಳಿತಿತ್ತು. ಒಂದು ರಾತ್ರಿಯ ಮಟ್ಟಿಗೆಂದು ಒಳಗೆ ತಂದವರು ಹದಿಮೂರು ವರ್ಷ ಇಟ್ಟುಕೊಂಡೆವು. ನಾನು ಜಮಖಂಡಿಯ ಕಡೆಯವನು. ನಮ್ಮಲ್ಲಿ ನಾಯಿಯೆಂದರೆ ಮುಧೋಳದ ಬೇಟೆನಾಯಿ. 2005ರಲ್ಲಿ ಅಂಚೆ ಇಲಾಖೆಯವರು ಅದರ ಚಿತ್ರದ ಅಂಚೆಚೀಟಿಯನ್ನೇ ಹೊರತಂದರು. ನಮ್ಮದಕ್ಕೆ ಅಂಥ ಕುಲಗೋತ್ರವಿರಲಿಲ್ಲ. ಅಪ್ಪಟ ಪುಣೆಯ ಬೀದಿನಾಯಿ. ನಾವು ‘ಕರಿಯ’ ಎಂದು ಕರೆದೆವು. ನೆರೆಯ ಮರಾಠಿ ಬಂಧುಗಳು ‘ಕಾಳು’ ಎಂದರು. ಆಗ ಊರಿನಿಂದ ಬಂದಿದ್ದ ನನ್ನ ತಾಯಿಗೆ ಇದು ಬಹಳ ನಗೆ ತರಿಸಿತು. “ಜ್ವಾಳದ ಕಾಳೋ, ಕಡ್ಲಿ ಕಾಳೋ?” ಎಂದು ಕೇಳುತ್ತಿದ್ದರು. ಅವನು ಎರಡು ಹೆಸರಿಗೂ ಬಾಲವಾಡಿಸುತ್ತಿದ್ದ.

ಪರಊರಿನಲ್ಲಿ ಮಕ್ಕಳನ್ನು ಬೆಳೆಸುವವರಿಗೆಲ್ಲ ಗೊತ್ತಿರುವ ಸಂಗತಿಯೊಂದಿದೆ. ಶಾಲೆಯಲ್ಲಿ ಇಂಗ್ಲಿಷು, ಆಟದ ಬಯಲಿನಲ್ಲಿ ಮರಾಠಿ, ದೂರದರ್ಶನದಲ್ಲಿ ಹಿಂದಿ. ಕನ್ನಡಕ್ಕೆ ಅಡುಗೆಮನೆಯ ಒಂದು ಮೂಲೆ. ನಾವು ಕನ್ನಡದಲ್ಲಿ ಕೇಳಿದರೆ ಮಕ್ಕಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ. ಆದರೆ ಕರಿಯನಿಗೆ ‘ಬಾ’, ‘ಕೂಡು’, ‘ಸುಮ್ಮನಿರು’ ಎಂದು ಕಲಿಸಿದ್ದು ಕನ್ನಡದಲ್ಲಿ. ಆದ್ದರಿಂದ ಮಗ, ಆಮೇಲೆ ಹುಟ್ಟಿದ ಮಗಳು, ಅವನೊಡನೆ ಕನ್ನಡವನ್ನೇ ಆಡಿದರು. ಬಯ್ಯುವುದು, ಮುದ್ದಿಸುವುದು, ಗುಟ್ಟು ಹೇಳುವುದು ಎಲ್ಲವೂ ಕನ್ನಡದಲ್ಲಿಯೇ. ತಂದೆತಾಯಿ ಸಾಧಿಸಲಾರದುದನ್ನು ನಾಯಿ ಸಾಧಿಸಿತ್ತು. ಈಗ ನಮ್ಮ ಮನೆಯಲ್ಲಿ ಕನ್ನಡ ಎಷ್ಟು ಕಡಿಮೆ ಕೇಳಿಸುತ್ತದೆಂಬುದು ಅವನು ಹೋದ ಮೇಲೆ ನಮಗೆ ತಿಳಿಯಿತು.

2024ರ ಬೇಸಿಗೆಯಲ್ಲಿ ಅವನು ಹೆಚ್ಚು ನೀರು ಕುಡಿಯತೊಡಗಿದ. ಪದೇ ಪದೇ ಮೂತ್ರಕ್ಕೆ ಹೋಗತೊಡಗಿದ. ಬಿಸಿಲಿನ ಪರಿಣಾಮವೆಂದುಕೊಂಡೆವು. ಮೈ ಇಳಿಯಿತು, ಬಾಯಲ್ಲಿ ಹುಣ್ಣಾಯಿತು, ರೊಟ್ಟಿಯ ವಾಸನೆಗೂ ತಲೆಯೆತ್ತದಾದ. ರಕ್ತಪರೀಕ್ಷೆ ಮಾಡಿಸಿದಾಗ ಕ್ರಿಯಾಟಿನಿನ್ ಮಿತಿಮೀರಿತ್ತು. ಮೂತ್ರಪಿಂಡಗಳ ಶಕ್ತಿ ಸುಮಾರು ಮುಕ್ಕಾಲು ಪಾಲು ಕುಂದುವವರೆಗೂ ಈ ಅಂಶ ರಕ್ತದಲ್ಲಿ ಏರುವುದಿಲ್ಲವಂತೆ. ಏರಿದಾಗ ಉಳಿದಿರುವುದು ಕಾಲು ಪಾಲು ಮಾತ್ರ. ವಯಸ್ಸಾದ ನಾಯಿ ಹೆಚ್ಚು ನೀರು ಕುಡಿಯತೊಡಗಿದರೆ ಬಿಸಿಲನ್ನು ದೂರದೆ ಒಡನೆಯೇ ಪರೀಕ್ಷೆ ಮಾಡಿಸಬೇಕೆಂದು ಸಾಕಿದವರಿಗೆ ಹೇಳಬಯಸುತ್ತೇನೆ. ಮೊದಲೇ ಗೊತ್ತಾದರೆ ಪಥ್ಯದಿಂದ ಒಂದಷ್ಟು ಕಾಲ ನೆಮ್ಮದಿಯಾಗಿ ಬದುಕಬಲ್ಲವು.

ಆಗಸ್ಟ್ ತಿಂಗಳಲ್ಲಿ ಪಶುವೈದ್ಯರು ದಯಾಮರಣದ ಮಾತೆತ್ತಿದರು. ಮೊದಲು ಮಂಪರು ಬರಿಸುವ ಚುಚ್ಚುಮದ್ದು, ಅನಂತರ ಅರಿವಳಿಕೆಯ ಔಷಧವನ್ನೇ ಅಧಿಕ ಪ್ರಮಾಣದಲ್ಲಿ ಕೊಡುತ್ತಾರೆ, ನೋವು ತಿಳಿಯುವುದಿಲ್ಲ. ಎರಡು ದಿನ ಯೋಚಿಸಿದೆವು. ಮನುಷ್ಯನಾದರೆ ಬೇಕು, ಬೇಡ ಎನ್ನುತ್ತಾನೆ. ಇವನು ನನ್ನ ಮುಖ ನೋಡುತ್ತಿದ್ದ, ಅಷ್ಟೆ. ಕೊನೆಗೆ ಸಮ್ಮತಿಪತ್ರಕ್ಕೆ ಸಹಿ ಹಾಕಿದವನು ನಾನು. ದಿನವೂ ನೂರಾರು ಕಾಗದಗಳಿಗೆ ಸಹಿ ಮಾಡುವ ಕೈ ಅದು. ಅಂದು ನನ್ನ ಹೆಸರಿನ ಅಕ್ಷರಗಳು ನನ್ನವೆನಿಸಲಿಲ್ಲ. ಮಾಡಿದ್ದು ಸರಿಯೇ ಎಂದು ಇಂದಿಗೂ ನಂಬಿದ್ದೇನೆ. ನಂಬಿಕೆಯಿಂದ ನೋವು ಕಡಿಮೆಯಾಗಲಿಲ್ಲ.

ಮರುದಿನ ಕಛೇರಿಗೆ ರಜೆಯ ಅರ್ಜಿ ಕಳಿಸಿದೆ. ಕಾರಣವೆಂಬಲ್ಲಿ ‘ಸ್ವಂತ ಕೆಲಸ’ ಎಂದು ಬರೆದೆ. ‘ನಾಯಿ ಸತ್ತಿದೆ’ ಎಂದು ಬರೆಯುವ ಧೈರ್ಯವಾಗಲಿಲ್ಲ. ಹೇಗೋ ವಿಷಯ ತಿಳಿದ ಹಿರಿಯ ಸಹೋದ್ಯೋಗಿಯೊಬ್ಬರು ದೂರವಾಣಿಯಲ್ಲಿ ಸಮಾಧಾನ ಹೇಳಿದರು: “ಬರಿಯ ನಾಯಿ ತಾನೆ, ಇನ್ನೊಂದು ತಂದರಾಯಿತು.” ಅವರು ಕೆಟ್ಟವರಲ್ಲ, ನನ್ನ ತಂದೆ ತೀರಿಕೊಂಡಾಗ ಮನೆಗೆ ಬಂದು ಗಂಟೆಗಟ್ಟಲೆ ಕುಳಿತವರು. ಆದರೆ ಅವರ ಈ ಮಾತನ್ನು ಒಪ್ಪಲಾರೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ನಮ್ಮ ಕನ್ನಡ ನಾಡು ಸಾವಿರ ವರ್ಷಗಳ ಹಿಂದೆ ಇದಕ್ಕೆ ಬೇರೆಯೇ ಉತ್ತರ ಕೊಟ್ಟಿದೆ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಮಂಡ್ಯ ಜಿಲ್ಲೆಯ ಆತಕೂರಿನಿಂದ ತಂದ ಒಂದು ಕಲ್ಲಿದೆ. ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದ ಸಂದರ್ಭ. ಗಂಗರ ಬೂತುಗನ ಕಡೆಯ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ, ಬೇಕಾದುದನ್ನು ಕೇಳೆಂದು ಅವನಿಗೆ ಹೇಳಲಾಯಿತು. ಮಣಲೇರನು ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ಬೆಳತೂರಿನ ಬಳಿಯ ಬೆಟ್ಟದಲ್ಲಿ ದೊಡ್ಡ ಹಂದಿಯೊಡನೆ ಹೋರಾಡಿತು; ನಾಯಿ, ಹಂದಿ ಎರಡೂ ಸತ್ತವು. ಮಣಲೇರನು ದೇವಾಲಯದ ಮುಂದೆ ಅದಕ್ಕೊಂದು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಬಾರದೆಂದು ಬರೆಸಿದನು. ಕಲ್ಲಿನ ಮೇಲೆ ಇಂದಿಗೂ ನಾಯಿ ಹಂದಿಗಳ ಕಾಳಗದ ಶಿಲ್ಪವಿದೆ. ಚಕ್ರವರ್ತಿಯ ಮಹಾವಿಜಯವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನಲ್ಲಿ! ಮಣಲೇರನ ಕಾಲದಲ್ಲಿಯೂ ‘ಬರಿಯ ನಾಯಿ ತಾನೆ’ ಎಂದವರು ಇದ್ದಿರಬಹುದು. ಅವರ ಮಾತನ್ನು ಮಾತ್ರ ಯಾರೂ ಕಲ್ಲಿನಲ್ಲಿ ಕೆತ್ತಿಸಲಿಲ್ಲ.

ಇಲ್ಲಿ ಪುಣೆಯ ಸಮೀಪದಲ್ಲಿಯೇ ನೋಡಿ. ಜೇಜುರಿಯ ಖಂಡೋಬನು ನಮ್ಮ ಮೈಲಾರಲಿಂಗನೇ. ಅವನ ಪಕ್ಕದಲ್ಲಿ ನಾಯಿಯುಂಟು, ನಮ್ಮ ಕಡೆಯ ಗೊರವರು ಅವನ ನಾಯಿಗಳೆಂದು ಹೇಳಿಕೊಂಡು ಬೊಗಳಿ ಸೇವೆ ಸಲ್ಲಿಸುತ್ತಾರೆ. ಧರ್ಮರಾಯನು ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆನೆಂದ ಕಥೆಯನ್ನಂತೂ ಎಲ್ಲರೂ ಬಲ್ಲರು. ದೇವರ ಪಕ್ಕದ ನಾಯಿಗೆ ಕೈಮುಗಿಯುವ ನಾವು ಪಕ್ಕದ ಮನೆಯವನು ತನ್ನ ನಾಯಿಗಾಗಿ ಅತ್ತರೆ ಏಕೆ ನಗಬೇಕು?

ಇದಕ್ಕೆ ಇನ್ನೊಂದು ಮುಖವೂ ಇದೆ. ಬೀದಿನಾಯಿ ಕಚ್ಚಿದ ಮಗುವಿನ ತಾಯಿಗೆ ನನ್ನ ಈ ಮಾತು ರುಚಿಸಲಾರದು. 2025ರ ಆಗಸ್ಟ್ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೆಹಲಿಯ ಬೀದಿನಾಯಿಗಳನ್ನು ಕುರಿತು ಆದೇಶ ಹೊರಡಿಸಿ, ಕೆಲವೇ ದಿನಗಳಲ್ಲಿ ಅದನ್ನು ಮಾರ್ಪಡಿಸಿದಾಗ ದೇಶವೇ ಎರಡು ಪಕ್ಷವಾಯಿತು. ಮನುಷ್ಯರಿಗೆ ತಗಲುವ ಹುಚ್ಚುನಾಯಿ ರೋಗ ಬಹುಮಟ್ಟಿಗೆ ನಾಯಿಯಿಂದಲೇ ಬರುವುದು. ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವುದು ಅಸಾಧ್ಯವೆಂದೇ ಹೇಳಬೇಕು. ಕಚ್ಚಿದ ಗಾಯವನ್ನು ಹರಿಯುವ ನೀರು, ಸಾಬೂನುಗಳಿಂದ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆಗೆ ಹೋಗಬೇಕು. ಸಾಕಿದವರು ತಪ್ಪದೆ ನಾಯಿಗೆ ಲಸಿಕೆ ಹಾಕಿಸಬೇಕು. ಹಾಕಿಸದವರು ಪ್ರೀತಿಯ ಮಾತನ್ನು ಆಡದಿರುವುದೇ ಲೇಸು.

ಈಗ ಹೇಳಲು ಕಷ್ಟವಾದ ಮಾತಿಗೆ ಬರುತ್ತೇನೆ. ನನ್ನ ತಂದೆ ತೀರಿಕೊಂಡದ್ದು 2021ರ ಏಪ್ರಿಲ್ ತಿಂಗಳಲ್ಲಿ, ಊರಿನಲ್ಲಿ, ಹೃದಯಾಘಾತದಿಂದ. ಕೋವಿಡ್ ಎರಡನೆಯ ಅಲೆಯ ದಿನಗಳು. ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಹೋಗುವವರು ಆರ್‌ಟಿ-ಪಿಸಿಆರ್ ಪರೀಕ್ಷೆಯ ಪ್ರಮಾಣಪತ್ರ ತೋರಿಸಬೇಕಾಗಿತ್ತು. ರಾತ್ರಿ ಸುದ್ದಿ ಬಂದೊಡನೆ ಹೊರಟ ನನ್ನ ಬಳಿ ಅದಿರಲಿಲ್ಲ. ಗಡಿಯಲ್ಲಿ ತಡೆದರು. ಅವರು ಕರ್ತವ್ಯ ಮಾಡಿದರು, ಅವರನ್ನು ದೂರಲಾರೆ. ಬೇಡಿಕೊಂಡು, ಕಾದು, ಊರು ಸೇರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಹಸಿ ಮಣ್ಣಿನ ಮುಂದೆ ನಿಂತೆ, ಕಣ್ಣೀರು ಬರಲಿಲ್ಲ. ಶಾಖೆಯಲ್ಲಿ ಅರ್ಧಕ್ಕರ್ಧ ಸಿಬ್ಬಂದಿ ಕಾಯಿಲೆ ಬಿದ್ದಿದ್ದರು. ವಾರದೊಳಗೆ ತಾಯಿಯನ್ನು ಕರೆದುಕೊಂಡು ಮರಳಿದೆ, ಕೆಲಸಕ್ಕೆ ಹೋದೆ. ಎಲ್ಲರೂ ಗಟ್ಟಿಗನೆಂದರು. ಆಮೇಲೆ ಮೂರು ವರ್ಷ ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ವೈದ್ಯರು ರಕ್ತದೊತ್ತಡದ ಮಾತ್ರೆ ಬರೆದುಕೊಟ್ಟರು.

ಊರಿನಿಂದ ಬರುವಾಗ ತಾಯಿ ತಂದೆಯ ಕಂಬಳಿಯನ್ನು ತಂದಿದ್ದರು. ತಂದೆ ಪುಣೆಗೆ ಬಂದಾಗಲೆಲ್ಲ ಅದನ್ನೇ ಹೊದೆದು ಕುಳಿತು ಕರಿಯನಿಗೆ ಜೋಳದ ರೊಟ್ಟಿ ಮುರಿದು ಹಾಕುತ್ತಿದ್ದರು. ಗಂಟು ಬಿಚ್ಚಿದೊಡನೆ ಕರಿಯ ಕಂಬಳಿಯನ್ನು ಬಹಳ ಹೊತ್ತು ಮೂಸಿದ, ಬಾಗಿಲಿನವರೆಗೆ ಹೋಗಿ ನೋಡಿ ಬಂದ, ಅದರ ಮೇಲೆಯೇ ಮಲಗಿಕೊಂಡ. ಅಂದಿನಿಂದ ಕೊನೆಯವರೆಗೂ ಅದೇ ಅವನ ಹಾಸಿಗೆ. ರಾತ್ರಿ ಮೂರಕ್ಕೆ ನಾನು ಎದ್ದು ಹೊರಗಿನ ಕೋಣೆಯಲ್ಲಿ ಕುಳಿತರೆ, ಅವನೂ ಎದ್ದು ಬಂದು ಕಾಲಬಳಿ ಕೂರುತ್ತಿದ್ದ. ಆ ಮೂರು ವರ್ಷ ನನ್ನ ನಿದ್ದೆಗೇಡನ್ನು ಪೂರ್ತಿಯಾಗಿ ಬಲ್ಲವನು ಅವನೊಬ್ಬನೇ.

ಕರಿಯ ತೀರಿಕೊಂಡ ದಿನ ಅವನನ್ನು ಎಲ್ಲಿ ಹೂಳುವುದೆಂಬ ಪ್ರಶ್ನೆ ಎದುರಾಯಿತು. ಮೂರನೆಯ ಮಹಡಿಯಲ್ಲಿ ಬದುಕುವವರಿಗೆ ಒಂದು ಹಿಡಿ ನೆಲವಿಲ್ಲ. ಮುಳಶಿಯ ದಾರಿಯಲ್ಲಿ ಸ್ವಲ್ಪ ಜಮೀನಿರುವ ಮರಾಠಿ ಮಿತ್ರರೊಬ್ಬರು ತಾವಾಗಿಯೇ ಜಾಗ ಕೊಟ್ಟರು, ಗುದ್ದಲಿ ಹಿಡಿದು ಜೊತೆಗೆ ನಿಂತರು. ಅವರ ಋಣ ದೊಡ್ಡದು. ಹೊರಡುವ ಮುನ್ನ ತಾಯಿ ಒಂದು ಮಾತೂ ಆಡದೆ ಅವನನ್ನು ತಂದೆಯ ಕಂಬಳಿಯಲ್ಲಿ ಸುತ್ತಿದರು. ಬೇಡವೆನ್ನಲು ಬಾಯಿ ತೆರೆದೆ; ಮಾತು ಬರಲಿಲ್ಲ. ಗುಂಡಿಯಲ್ಲಿಳಿಸಿ, ಆ ಕಂಬಳಿಯ ಮೇಲೆ ಮೊದಲ ಹಿಡಿ ಮಣ್ಣು ಹಾಕಿದಾಗ ನಾನು ಅತ್ತೆ. ನಲವತ್ತೈದು ವರ್ಷದ ಗಂಡಸು, ಇನ್ನೊಬ್ಬರ ಹೊಲದಲ್ಲಿ, ದನಿಯೆತ್ತಿ ಅತ್ತೆ. ತಂದೆಗೆ ಅಳದವನು ನಾಯಿಗೆ ಅತ್ತೆನಲ್ಲಾ ಎಂಬ ನಾಚಿಕೆ ಆ ಕ್ಷಣದಲ್ಲಿಯೂ ಚುಚ್ಚಿತು. ಮನೆಗೆ ಬಂದು ತಾಯಿಗೆ ಅದನ್ನೇ ಹೇಳಿದೆ. ಅವರೆಂದರು: “ಅಂದು ಅಳಬೇಕಾಗಿದ್ದು ಇಂದು ಅತ್ತೀಯಪ್ಪ. ಅದಕೇನು ನಾಚಿಕಿ?” ಅಂದಿನ ರಾತ್ರಿ ಬೆಳಗಿನವರೆಗೂ ನಿದ್ದೆ ಮಾಡಿದೆ.

ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಹತ್ತು ವರ್ಷದ ಮಗಳು ಅಂದು ಶಾಲೆಯಲ್ಲಿದ್ದಳು. ಎಳೆಯ ಮನಸ್ಸಿಗೆ ನೋವಾಗಬಾರದೆಂದು, ಕರಿಯನನ್ನು ಊರಿನ ತೋಟಕ್ಕೆ ಕಳಿಸಿದೆವೆಂದು ಹೇಳಿದೆ. ಮೂರನೆಯ ದಿನ ಕೆಳಮನೆಯ ಹುಡುಗನಿಂದ ನಿಜ ತಿಳಿಯಿತು. ಅವಳು ಅಳಲಿಲ್ಲ, ನನ್ನ ಮುಂದೆ ಬಂದು ನಿಂತು, “ಅಪ್ಪಾಜಿ, ಬ್ಯಾಂಕಿನ್ಯಾಗೂ ಹಿಂಗ ಹೇಳತೀರೇನು?” ಎಂದು ಕೇಳಿದಳು, ಕನ್ನಡದಲ್ಲಿ. ಗಡಿಯಲ್ಲಿ ಅಂದು ನನಗಾದುದನ್ನೇ ನಾನು ಅವಳಿಗೆ ಮಾಡಿದ್ದೆ. ಕೊನೆಯ ಸಲ ಮುಖ ನೋಡುವ ಅವಕಾಶವನ್ನು ತಪ್ಪಿಸಿದ್ದೆ. ನನ್ನನ್ನು ತಡೆದವರ ಬಳಿ ನಿಯಮವಾದರೂ ಇತ್ತು. ಮಕ್ಕಳ ಹಿತಕ್ಕೆಂದು ಇಂಥ ಸುಳ್ಳು ಹೇಳುವ ತಂದೆತಾಯಿಗಳು ನಮ್ಮಲ್ಲಿ ಬಹಳ ಜನರಿದ್ದಾರೆ. ದಯವಿಟ್ಟು ಹೇಳಬೇಡಿ. ಸತ್ತಿದೆ ಎಂಬ ಮಾತನ್ನು ಸತ್ತಿದೆ ಎಂದೇ ಹೇಳಿ, ಜೊತೆಗೆ ಕುಳಿತುಕೊಳ್ಳಿ.

ಮುಂದಿನ ಭಾನುವಾರ ಅವಳನ್ನು ಮುಳಶಿಯ ದಾರಿಯ ಆ ಹೊಲಕ್ಕೆ ಕರೆದುಕೊಂಡು ಹೋದೆ. ಮಳೆ ಬಂದು ಮಣ್ಣು ಸ್ವಲ್ಪ ಕುಸಿದಿತ್ತು. ಅಜ್ಜಿಯನ್ನು ಕೇಳಿ ಅಕ್ಷರಗಳನ್ನು ಕಾಗದದ ಮೇಲೆ ಬರೆಸಿಕೊಂಡು ಬಂದಿದ್ದಳು. ಒಂದು ಚಪ್ಪಟೆ ಕಲ್ಲನ್ನು ಆರಿಸಿ, ಬಿಳಿಯ ಬಣ್ಣದಿಂದ ಅವನ ಹೆಸರನ್ನು ಬರೆದಳು. ಅವಳು ಕನ್ನಡದಲ್ಲಿ ಬರೆದ ಮೊದಲ ಪದ ಅದು. ಕಾಗದ ಒದ್ದೆಯಾಗಿ ಕೊನೆಯ ಅಕ್ಷರ ಅಳಿಸಿಹೋಗಿದ್ದರಿಂದ ‘ಕರಿ’ ಎಂದಷ್ಟೇ ಆಯಿತು. ‘ಯ’ ಬರೆಯುವುದು ಹೇಗೆಂದು ಕೇಳಿದಳು. ಅವಳ ಕೈ ಹಿಡಿದು ಬರೆಸಿದೆ.